ಬಲಗಡೆಯಿಂದ ತೆರೆದ ಪುಸ್ತಕ

"ಇದನ್ನ ಉಲ್ಟಾ ಹೊಲಿದಾರ ನೋಡ್ರಿ, ಮೊದಲನೇ ಪುಟದಾಗ ಕತಿ ಮುಗದೈತಿ!" ಮಗ ಹಾಲೇಶನಿಗೆ ಹೆಣ್ಣು ನೋಡಲು ಕುಷ್ಟಗಿಯಿಂದ ಕಾರಟಗಿಗೆ ಬಂದಿದ್ದ ಸುರೇಖಾ, ಹುಡುಗಿಯ ಕಪಾಟಿನಿಂದ ಎಳೆದ, ಇಂಗ್ಲಿಷಿಗೆ ಅನುವಾದವಾದ ಜಪಾನಿ ಕಾಮಿಕ್ಸನ್ನು ಎಲ್ಲರಿಗೂ ತೋರಿಸಿದಳು.

"ಅದನ್ನ ಬಲಗಡಿಂದ ಓದಬೇಕ್ರಿ," ಎಂದು ಹುಡುಗಿ ದಾನೇಶ್ವರಿ ನೆಲಕ್ಕಷ್ಟೇ ಕೇಳುವಂತೆ ಹೇಳಿದಳು. "ಸಣ್ಣ ಹುಡುಗರು ನೋಡೋ ಚಿತ್ರ, ಅದೂ ಹಿಂದುಮುಂದು! ಇಂಥಾಕಿ ಸಂಸಾರ ಹೆಂಗ ಮಾಡ್ತಾಳ?" ಎಂದ ಸುರೇಖಾ ಚಹಾದ ಕಪ್ಪು ದೂರ ಸರಿಸಿದಳು. ಹುಡುಗಿಯ ಅಪ್ಪ ಗುರುಬಸವನ ಮುಖ ಸಣ್ಣಗಾಯಿತು.

ಆಗ ಸುರೇಖಾಳ ಮಾವ, ತೊಂಬತ್ತರ ಅಮರಪ್ಪಜ್ಜ, "ಇಲ್ಲಿ ತಾ" ಎಂದು ಪುಸ್ತಕ ಇಸಿದುಕೊಂಡ. ನಿಜಾಮನ ಕಾಲದ ಉರ್ದು ಶಾಲೆಯಲ್ಲಿ ಬಲಗಡೆಯಿಂದ ಬರೆಯಲು ಕಲಿತ ಕೈ ತಾನಾಗಿಯೇ ಬಲಗಡೆಯ ರಟ್ಟು ತೆರೆಯಿತು. ಇಂಗ್ಲಿಷ್ ಅಕ್ಷರ ಅವನಿಗೆ ಬಾರದು, ಆದರೆ ಬೆರಳು ಚಿತ್ರಗಳ ಮೇಲೆ ಬಲದಿಂದ ಎಡಕ್ಕೆ ಸರಾಗವಾಗಿ ಓಡಿತು. ಒಮ್ಮೆ ಬಾಯಿ ಮುಚ್ಚಿಕೊಂಡು ನಕ್ಕ, ಒಮ್ಮೆ "ಹಾಕು ಮಗನ!" ಎಂದು ತೊಡೆ ತಟ್ಟಿದ. ಮುಂದಿಟ್ಟ ಒಗ್ಗರಣಿ ಮಂಡಕ್ಕಿ ಮೆತ್ತಗಾದರೂ ತಲೆ ಎತ್ತಲಿಲ್ಲ. ಕಡೆಗೆ ಗುರುಬಸವನೇ ಕೈಮುಗಿದು, "ಅಜ್ಜಾರ, ನಿಮ್ಮ ಬೇಡಿಕಿ ಏನರ ಇದ್ರ ಹೇಳಿಬಿಡ್ರಿ," ಎಂದ.

"ಏನೂ ಬ್ಯಾಡಪಾ. ಇದರ ಮುಂದಿನ ಭಾಗ ಇದ್ರ ಹುಡುಗಿ ಜೋಡಿ ಕಳಸು, ಸಾಕು."

ದಾನೇಶ್ವರಿ ಮೊದಲ ಸಲ ತಲೆ ಎತ್ತಿದಳು. "ಇನ್ನೂ ಅರವತ್ತು ಅದಾವ್ರಿ ಅಜ್ಜಾರ."

ಅಮರಪ್ಪಜ್ಜ ಓದುತ್ತಿದ್ದ ಪುಟಕ್ಕೆ ಬೆರಳಿಟ್ಟು ಗಾಬರಿಯಿಂದ ಸೊಸೆಯ ಕಡೆ ತಿರುಗಿದ. "ಸುರೇಖಾ, ಮುಹೂರ್ತ ಲಗೂ ಇಡಸವಾ!"