ಕಾರಿಗೊಂದು ಟೋಪಿ

ಹಾರ್ಡ್‌ಟಾಪ್ ಏನೋ ಇತ್ತು. ಅದರ ಮೇಲೆ ಸಂಡಿಗೆಯೂ ಇತ್ತು.

ದ್ವಾರಕನಾಥರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಸಿಂಗಪುರದ ಸೆಂಬವಾಂಗಿನ ಆ ಮನೆಯ ಮುಂದೆ, ಎರಡು ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ, ಆನ್‌ಲೈನ್ ಜಾಹೀರಾತಿನ ಫೋಟೋದಲ್ಲಿದ್ದ ಅದೇ ಕಾರಿನ ಗಟ್ಟಿ ಕಪ್ಪು ಫೈಬರ್ ಚಾವಣಿ ಕೂತಿತ್ತು. ಫೋಟೋದಲ್ಲಿ ಇಲ್ಲದ್ದೆಂದರೆ ಅದರ ಮೇಲೆ ಹಾಸಿದ್ದ ಬಿಳಿ ಪಂಚೆ, ಪಂಚೆಯ ಮೇಲೆ ಸಭೆ ಸೇರಿದ್ದ ಇನ್ನೂರು ಅರಳು ಸಂಡಿಗೆ.

"ಸಾರಿ ಅಂಕಲ್, ಬೆಳಿಗ್ಗೆ ತಾನೇ ಕ್ಲೀನ್ ಮಾಡಿಟ್ಟಿದ್ದೆ. ಅಮ್ಮ ಲಾ..." ಎಂದು ಜಾಹೀರಾತು ಹಾಕಿದ್ದ ವಿನೋದ್ ತಲೆ ಕೆರೆದುಕೊಂಡ. ಮಾತಿನ ಕೊನೆಗೆ 'ಲಾ' ಸೇರಿಸುವಷ್ಟು ಸಿಂಗಪುರದಲ್ಲೇ ಬೆಳೆದ ಮೂವತ್ತರ ಎಂಜಿನಿಯರ್ ಅವನು. ದ್ವಾರಕನಾಥರ ಹತ್ತಿರ ಇರುವಂಥದ್ದೇ ಕಾರು ಅವನಲ್ಲೂ ಇತ್ತು. ಕಾರಿಟ್ಟುಕೊಳ್ಳಲು ಸರ್ಕಾರ ಕೊಡುವ ಹತ್ತು ವರ್ಷದ ಪರ್ಮಿಟ್ ಮುಗಿದು, ಹೋದ ವರ್ಷ ಅದು ಗುಜರಿಗೆ ಹೋಯಿತು. ಮುಂಡ ಹೋಗಿ ರುಂಡ ಉಳಿದಿತ್ತು.

ದ್ವಾರಕನಾಥರಿಗೆ ಆ ರುಂಡ ಬೇಕೇ ಬೇಕಿತ್ತು. ಮೂರು ವರ್ಷದ ಹಿಂದೆ ಅವರು ಬ್ಯಾಂಕಿನ ಬೋನಸ್ಸಿನಲ್ಲಿ, ಮಡಚುವ ಬಟ್ಟೆ ಚಾವಣಿಯ ಹಳೆಯ ಕಾರೊಂದನ್ನು ಕೊಂಡಿದ್ದರು. ಇರುವುದೇ ಎರಡು ಸೀಟು. ಒಂದು ತಮಗೆ, ಇನ್ನೊಂದು ಹೆಂಡತಿ ವತ್ಸಲಾಗೆ. ಆದರೆ ಈ ಊರಿನಲ್ಲಿ ಚಾವಣಿ ತೆಗೆದರೆ ನೆತ್ತಿ ಸುಡುವ ಬಿಸಿಲು, ಹಾಕಿದರೆ ಕತ್ತಿಗೆ ತೊಟ್ಟಿಕ್ಕುವ ಮಳೆ. ವತ್ಸಲಾ ಒಂದೇ ಒಂದು ಸಲ ಕೂತು, ಒದ್ದೆ ಮೈಸೂರು ಸಿಲ್ಕಿನಲ್ಲಿ ಇಳಿದು, "ಗಟ್ಟಿ ಸೂರು ಹಾಕ್ಸೋವರೆಗೂ ನಾನು ಇದರಲ್ಲಿ ಕೂರೋಳಲ್ಲ" ಎಂದು ದ್ರೌಪದಿಯ ಹಾಗೆ ಶಪಥ ಮಾಡಿದ್ದರು. ಅಂದಿನಿಂದ ಶನಿವಾರದ ದೇವಸ್ಥಾನಕ್ಕೆ ಗಂಡ ಕಾರಿನಲ್ಲಿ, ಹೆಂಡತಿ ಎಂಆರ್‌ಟಿ ರೈಲಿನಲ್ಲಿ. ಮೊದಲು ತಲುಪುತ್ತಿದ್ದದ್ದು ಹೆಂಡತಿ. ಈ ಭಾನುವಾರವೂ ಅಷ್ಟೇ, ದ್ವಾರಕನಾಥರು ಬರುವ ಹೊತ್ತಿಗೆ ವತ್ಸಲಾ ಗೇಟಿನಲ್ಲಿ ನಿಂತು ಆಕಳಿಸುತ್ತಿದ್ದರು.

ವಿನೋದನ ತಾಯಿ ನಳಿನಿ ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ಇದನ್ನ ಕೊಡಲ್ಲ. ಜಾಹೀರಾತು ಹಾಕಿದೋನು ಅವನು, ನಾನಲ್ಲ."

"ಅಮ್ಮಾ, ಅದು ಕಾರ್ ಪಾರ್ಟ್!"

"ಕಾರೇ ಇಲ್ವಲ್ಲೋ, ಇನ್ಯಾವ ಪಾರ್ಟು?"

ದ್ವಾರಕನಾಥರು ಸುಮ್ಮನೆ ನಿಲ್ಲಲಾರದೆ ಬಗ್ಗಿ, ಹಿಂದಿನ ಗಾಜು ತಟ್ಟಿ, ರಬ್ಬರ್ ಹಿಸುಕಿ, ನೋಡಲು ಬಂದ ಗಂಡಿನ ಹಾಗೆ ಸುತ್ತು ಹಾಕತೊಡಗಿದರು.

"ಕಂಪನಿದಲ್ಲ ಅಂಕಲ್, ಆಫ್ಟರ್‌ಮಾರ್ಕೆಟ್. ಬಟ್ ಒಂದು ಡ್ರಾಪ್ ಸೋರಲ್ಲ," ಎಂದು ವಿನೋದ್ ಪಿಸುಗುಟ್ಟಿದ.

ಅಷ್ಟರಲ್ಲಿ ವತ್ಸಲಾ ಚಾವಣಿಯ ಮೇಲೆ ಅಂಗೈ ಇಟ್ಟು, ಕಾದ ಕಾವಲಿ ಮುಟ್ಟಿದವರಂತೆ ಎಳೆದುಕೊಂಡು ನಳಿನಿಯತ್ತ ತಿರುಗಿದರು. "ಅಬ್ಬಾ! ಎಷ್ಟು ದಿನಕ್ಕೆ ಒಣಗತ್ತೆ ರೀ?"

"ಒಂದೇ ದಿನ. ಬೆಳಿಗ್ಗೆ ಇಟ್ರೆ ಸಾಯಂಕಾಲ ಡಬ್ಬಿಗೆ."

"ನಮ್ಮ ಬಾಲ್ಕನಿಯಲ್ಲಿ ನಾಲ್ಕು ದಿನ ಆದ್ರೂ ಮೆತ್ತಗೇ ಇರತ್ತೆ. ಅಷ್ಟಕ್ಕೇ ಕಾಂಡೋ ಮ್ಯಾನೇಜ್‌ಮೆಂಟಿನವರು ಬಾಲ್ಕನೀಲಿ ಏನೂ ಒಣಗಿಸ್ಬೇಡಿ ಅಂತ ಎರಡು ಲೆಟರ್ ಕಳಿಸಿದಾರೆ."

"ಅಯ್ಯೋ ಪಾಪ," ಎಂದರು ನಳಿನಿ. ಸೌಟು ಕೆಳಗಿಳಿಯಿತು.

"ನೋಡಿ ನಳಿನಿಯವರೇ," ವತ್ಸಲಾ ದನಿ ಗಟ್ಟಿ ಮಾಡಿದರು. "ಇದು ನಮಗೆ ಬೇಕೇ ಬೇಕು."

ನಮಗೆ! ಮೂರು ವರ್ಷದಲ್ಲಿ ಕಾರಿನ ವಿಷಯಕ್ಕೆ ಹೆಂಡತಿಯ ಬಾಯಲ್ಲಿ ಬಂದ ಮೊದಲ 'ನಮಗೆ'. ದ್ವಾರಕನಾಥರ ಕಣ್ಣು ಮಂಜಾಯಿತು. ಕನ್ನಡಕ ಮತ್ತೆ ಒರೆಸಿಕೊಂಡರು.

ಹೆಂಗಸರಿಬ್ಬರೂ ಅಡುಗೆಮನೆಗೆ ಹೋದರು. ಒಳಗೆ ಮೊದಲು ಪಿಸುಪಿಸು, ಆಮೇಲೆ ಕಿಸಿಕಿಸಿ. ಹೊರಗೆ ಬಂದ ನಳಿನಿಯ ಕೈಯಲ್ಲಿ ಸೌಟಿನ ಬದಲು ಕಾಫಿ ಲೋಟವಿತ್ತು. "ತಗೊಂಡ್ಹೋಗಿ ಅಣ್ಣ. ಇವತ್ತಿಂದು ಒಣಗೋವರೆಗೂ ಮಾತ್ರ ಮುಟ್ಟೋ ಹಾಗಿಲ್ಲ."

ಸಂಜೆ ಐದರವರೆಗೆ ಕಾದು, ಸಂಡಿಗೆ ಇಳಿಸಿ, ವಿನೋದನ ಜೊತೆ ಎತ್ತಿ ಕೂರಿಸಿದಾಗ ಚಾವಣಿ ಟಕ್ಕೆಂದು ಕಚ್ಚಿಕೊಂಡಿತು. ದ್ವಾರಕನಾಥರು ಎಡಗಡೆಯ ಬಾಗಿಲು ತೆರೆದು ಮದುಮಗನಂತೆ ನಿಂತರು. ವತ್ಸಲಾ ಆ ಸೀಟಿನ ಮೇಲೆ ನಳಿನಿ ಕೊಟ್ಟ ಬೂದುಗುಂಬಳಕಾಯಿ ಕೂರಿಸಿ ಬೆಲ್ಟ್ ಹಾಕಿದರು.

"ನೀನು?"

"ನಾನು ಎಂಆರ್‌ಟಿಲಿ ಬೇಗ ಹೋಗ್ತೀನಿ, ದೋಸೆಗೆ ಅಕ್ಕಿ ನೆನೆಹಾಕೋದಿದೆ. ಮುಂದಿನ ಶನಿವಾರ ಖಂಡಿತ ಕೂರ್ತೀನಿ. ಬೆಳಿಗ್ಗೆ ಎಂಟಕ್ಕೇ."

ಬಿಶಾನಿನ ಮನೆ ತಲುಪುವವರೆಗೂ ದ್ವಾರಕನಾಥರು ಕುಂಬಳಕಾಯಿಯ ಜೊತೆ ಖುಷಿಯಾಗಿ ಮಾತಾಡಿಕೊಂಡೇ ಬಂದರು.

ಶನಿವಾರ ಎಂಟು ಹೊಡೆಯುವುದರೊಳಗೆ ಇಸ್ತ್ರಿ ಅಂಗಿ, ತಂಪು ಕನ್ನಡಕ, ಎರಡು ಸಲ ಸೆಂಟು. ಕೆಳಗೆ ಕಾಂಡೋದ ಬಯಲು ಪಾರ್ಕಿಂಗಿಗೆ ಇಳಿದರೆ, ಹೆಂಡತಿ ಕೊಟ್ಟ ಮಾತಿಗೆ ತಪ್ಪಿರಲಿಲ್ಲ. ಎಡಗಡೆಯ ಸೀಟಿನಲ್ಲಿ ಆರಾಮಾಗಿ ಕೂತಿದ್ದರು. ಮಡಿಲಲ್ಲಿ ಬೀಸಣಿಗೆ, ಕಾಲಬಳಿ ಕಾಫಿ ಫ್ಲಾಸ್ಕು. ಚಾವಣಿಯ ಮೇಲೆ ಬಿಳಿ ಪಂಚೆ. ಪಂಚೆಯ ಮೇಲೆ ಇನ್ನೂರು.

"ವತ್ಸಲಾ... ಮ್ಯಾನೇಜ್‌ಮೆಂಟ್ ಲೆಟರ್?"

"ಬಾಲ್ಕನಿ ಅಂತ ಬರ್ದಿದಾರೆ, ಕಾರು ಅಂತ ಬರ್ದಿಲ್ಲ. ಬನ್ನಿ, ಕೂತ್ಕೊಳ್ಳಿ. ಬಾಗಿಲು ಮೆತ್ತಗೆ ಹಾಕಿ, ಸಾಯಂಕಾಲದವರೆಗೂ ಗಾಡಿ ಅಲ್ಲಾಡಬಾರದು."

ದ್ವಾರಕನಾಥರು ಕೂತರು. ಮೂರು ವರ್ಷ ಕಂಡ ಕನಸು ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ ಬೀಸಣಿಗೆ ಬೀಸುತ್ತಿತ್ತು. ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ತಲೆಯ ಮೇಲೆ ಪಟಪಟ ಸದ್ದಾಯಿತು, ಪುಟ್ಟ ಪುಟ್ಟ ಕಾಲುಗಳು.

"ಮೈನಾ ಬಂತು ರೀ," ಎಂದರು ವತ್ಸಲಾ. "ಹಾರ್ನ್ ಹೊಡೀರಿ."