ಕಾಣುವ ಮಾತು

"ಆಯಿತಾ?" ಎಂದು ಪ್ರೇಮಾವತಿ ಮತ್ತೊಮ್ಮೆ ಕೇಳಿದಳು.

"ಹಣ ಹೋಗಿಯಾಯಿತು, ರೀಚಾರ್ಜ್ ಮಾತ್ರ ಬರ್ಲಿಲ್ಲ. ಸರ್ವರ್ ಸ್ಲೋ ಉಂಟು ಅಕ್ಕ, ಸ್ವಲ್ಪ ನಿಲ್ಲಿ," ಎಂದರು ಪೋಕರ್. ಸುಳ್ಯದ ಬಸ್‌ಸ್ಟ್ಯಾಂಡಿನ ಹತ್ತಿರದ ಅವರ ಮೊಬೈಲ್ ಅಂಗಡಿಯಲ್ಲಿದ್ದ ಒಂದೇ ಸ್ಟೂಲನ್ನು ಅವಳ ಭಾವ, ಗಂಡನ ಅಣ್ಣ ಅಚ್ಚುತ, ಆಗಲೇ ಹಿಡಿದಿದ್ದರು.

ಐದು ಗಂಟೆಗೆ ಮಗಳು ಭವಿತಾ ವಿಡಿಯೊ ಕಾಲ್ ಮಾಡುತ್ತಾಳೆ. ಮಂಗಳೂರಿನ ಹಾಸ್ಟೆಲಿಗೆ ಸೇರಿ ಇದು ಎರಡನೇ ವಾರ. ಹುಟ್ಟಿನಿಂದ ಕಿವಿ ಕೇಳದ ಹುಡುಗಿ, ಮಾತೆಲ್ಲ ಕೈಯಲ್ಲಿ. ನಿನ್ನೆ ಆ ಬೆರಳುಗಳು ಯಾಕೋ ಅರ್ಧ ಮಾತಿಗೇ ಕೆಳಗಿಳಿಯುತ್ತಿದ್ದವು. ಏನೆಂದು ಕೇಳುವಷ್ಟರಲ್ಲಿ ನೆಟ್ ಪ್ಯಾಕ್ ಖಾಲಿಯಾಗಿ ಮುಖ ಮಾಯವಾಯಿತು. ಆಮೇಲೆ ಒಂದು ಎಸ್ಸೆಮ್ಮೆಸ್: 'ಚೆನ್ನಾಗಿದ್ದೇನೆ ಅಮ್ಮ.' ಬರೆದಾಗ ಅವಳು ಯಾವತ್ತೂ ಚೆನ್ನಾಗಿಯೇ ಇರುತ್ತಾಳೆ. ಕೈಗಳಿಗೆ ಸುಳ್ಳು ಹೇಳಲು ಬರುವುದಿಲ್ಲ.

"ಟಿವಿಯಲ್ಲಿ ಹೇಳ್ತಿದ್ರು ಪೋಕರಾಕ," ಭಾವನಿಗೆ ಮಾತಿನ ಹುರುಪು, "ವಿಡಿಯೊ ಕಾಲಿಗೆ ಬೇರೆಯೇ ತೆರಿಗೆ ಹಾಕುವ ಆಲೋಚನೆ ಉಂಟಂತೆ."

"ಈಗ ಇಲ್ವಾ ಮಾರಾಯ್ರೆ? ರೀಚಾರ್ಜಿನ ಹೊಟ್ಟೆಯೊಳಗೇ ಕೂತಿದೆ. ನಮಗೆ ಕಾಣುದಿಲ್ಲ, ಅಷ್ಟೆ."

"ಹಾಕ್ಲಿ ಬಿಡಿ. ಅರ್ಧ ಊರು ಕೆಲಸ ಬಿಟ್ಟು ಅದರಲ್ಲೇ ಬಿದ್ದಿದೆ. ಮಾತಾಡ್ಲಿಕ್ಕೆ ಮುಖ ಎಂತಕ್ಕೆ? ಫೋನ್ ಕಿವಿಗೆ ಇಟ್ರೆ ಸಾಕು."

"ನಿಮ್ಮ ಮುಖ ಆದ್ರೆ ಬೇಡವೇ ಬೇಡ," ಪೋಕರ್ ನಕ್ಕರು.

ಪ್ರೇಮಾವತಿಗೆ ನಗು ಬರಲಿಲ್ಲ. ಭವಿತಾಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು ಭಾವ. ಹಾಸ್ಟೆಲಿನ ಗೇಟಿನಲ್ಲಿ ಅವಳಿಗಿಂತ ಹೆಚ್ಚು ಅತ್ತವರೂ ಅವರೇ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನೆನಪಾಗಲಿಲ್ಲ, ಅಷ್ಟೆ. ಎತ್ತಿ ಆಡಿಸಿದವರಿಗೇ ನೆನಪಾಗದಿದ್ದರೆ, ತೆರಿಗೆ ಹಾಕುವವರಿಗೆ ಹೇಗೆ ನೆನಪಾದೀತು?

ರೀಚಾರ್ಜ್ ಆದ ಮೆಸೇಜಿನ ಬೆನ್ನಿಗೇ ಫೋನ್ ನಡುಗಿತು. ಅವಳು ಅದನ್ನು ಕೌಂಟರಿನ ಡಬ್ಬಕ್ಕೆ ಒರಗಿಸಿ ಎರಡೂ ಕೈ ಎತ್ತಿದಳು. ನಿನ್ನೆ ನಿನ್ನ ಕೈ ಯಾಕೆ ಸೋತಿತ್ತು?

ಆಚೆಯ ಕೈಗಳು ಒಮ್ಮೆಲೇ ಹರಿದವು. ಇಲ್ಲಿ ಯಾರಿಗೂ ಸನ್ನೆ ಬರುವುದಿಲ್ಲ ಅಮ್ಮ. ಇಡೀ ದಿನದಲ್ಲಿ ನನ್ನ ಹತ್ತಿರ ಮಾತಾಡುವುದು ನೀನೊಬ್ಬಳೇ.

ಪ್ರೇಮಾವತಿ ಸಮಾಧಾನ ಹೇಳಿದಳು, ಹೇಳುತ್ತಲೇ ಇದ್ದಳು. ಭವಿತಾ ಕಣ್ಣೊರೆಸಿಕೊಂಡು ಅಮ್ಮನ ಹಿಂದೆ ಎದ್ದು ನಿಂತು ಪೋಕರ್ ಜೊತೆ ಇನ್ನೂ ಮಾತಾಡುತ್ತಿದ್ದ ದೊಡ್ಡಪ್ಪನನ್ನು ತೋರಿಸಿ ಏನೋ ಕೇಳಿದಳು.

"ಎಂತ ಕೇಳ್ತಾಳೆ?" ಅಚ್ಚುತ ಬಗ್ಗಿ ಪರದೆಗೆ ಕೈ ಬೀಸಿದರು.

"ನೀವು ಇಷ್ಟು ಹೊತ್ತು ಎಂತ ಮಾತಾಡ್ತಿದ್ರಿ ಅಂತ."

"ತೆರಿಗೆಯ ಸುದ್ದಿ ಅಂತ ಹೇಳು."

ತೆರಿಗೆಗೆ ಅಮ್ಮ ಮಗಳ ನಡುವೆ ಸನ್ನೆ ಇರಲಿಲ್ಲ, ಈವರೆಗೆ ಬೇಕಾಗಿರಲಿಲ್ಲ. ಪ್ರೇಮಾವತಿ ಒಂದು ಕ್ಷಣ ಯೋಚಿಸಿದಳು. ಆಮೇಲೆ ಎಡಗೈಯಿಂದ ತನ್ನ ಬಲಗೈಯ ಬೆರಳುಗಳನ್ನೆಲ್ಲ ಒಟ್ಟಿಗೆ ಹಿಡಿದು, ಅಲುಗಾಡದಂತೆ ಬಿಗಿಯಾಗಿ ಅದುಮಿದಳು.