ಗೋಡೆ ಕೇಳಿದ ಮೊದಲ ಮಾತು

ಹೊಸ ಗೋಡೆ ತಾನು ಕೇಳಿದ ಮೊದಲ ಮಾತನ್ನು ಎಂದಿಗೂ ಬಿಡುವುದಿಲ್ಲ. ಪಕ್ಕದಲ್ಲಿ ಯಾರು ಹಾದರೂ ಅದನ್ನೇ ಮೆಲ್ಲಗೆ ಹೇಳುತ್ತದೆ. ಹಾಗಾಗಿ ಗದಗದಲ್ಲಿ ಕಟ್ಟಡಗಳು ಏಳುವುದು ಬರೀ ಕೈಸನ್ನೆಯಲ್ಲಿ. ಆ ಮೊದಲ ಮಾತನ್ನು ಆಡುವುದೇ ವಾಸ್ತುಶಿಲ್ಪಿಯ ತರಬೇತಿಯ ಕೊನೆಯ ಪರೀಕ್ಷೆ.

ನೀಲಗಂಗಾ ತಾನು ರೂಪಿಸಿದ ಶಾಲೆಗಾಗಿ ‘ಇಲ್ಲಿ ಜ್ಞಾನ ಸದಾ ಬೆಳಗಲಿ’ ಎಂಬ ಸಾಲನ್ನು ತಿದ್ದಿ ತೀಡಿ ಬಾಯಿಪಾಠ ಮಾಡಿದ್ದಳು. ಪರೀಕ್ಷಕಿ ಇನಾಮದಾರ ಮೇಡಂ ಜೊತೆ ಒಳಗೆ ಕಾಲಿಟ್ಟಾಗ, ಮೇಲೆ ಮಹಡಿಯಲ್ಲಿ ಗೌಂಡಿ ಮೌಲಾಸಾಬ ತಾನು ಗಾರೆ ಬಳಿದ ಗೋಡೆಯ ಅಂದ ನೋಡುತ್ತ ಹಿಂದಕ್ಕೆ ಸರಿಯುತ್ತಿದ್ದ. ಅವನ ಹಿಮ್ಮಡಿ ಮೆಟ್ಟಿಲ ತುದಿಗೆ ಬಂದಿತ್ತು.

“ಜ್ವಾಕಿ, ಕಾಕಾ!” ನೀಲಗಂಗಾ ಚೀರಿದಳು.

ಮೌಲಾಸಾಬ ಗಕ್ಕನೆ ನಿಂತ. “ಜ್ವಾಕಿ, ಕಾಕಾ,” ಎಂದಿತು ಗೋಡೆ.

ನೀಲಗಂಗಾಳ ಕಣ್ಣು ತುಂಬಿ ಬಂತು. “ಎಲ್ಲಾ ಕೆಡಿಸಿಬಿಟ್ಟೆ ಮೇಡಂ. ನಾ ಬ್ಯಾರೆ ಹೇಳೂದಿತ್ತು.”

“ಎಲ್ಲಾರೂ ಬಾಯಿಪಾಠ ಮಾಡೇ ಬರ್ತಾರ. ಶಾಲಿ ಸುರು ಆಗ್ಲಿ, ಆಮ್ಯಾಲೆ ನೋಡೂಣು,” ಎಂದರು ಮೇಡಂ. ಅವಳ ಪರವಾನಗಿಗೆ ಸಹಿ ಹಾಕಲಿಲ್ಲ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಗಂಟೆ ಬಾರಿಸಿದ್ದೇ ತಡ, ಮಕ್ಕಳು ಮೆಟ್ಟಿಲ ಕಡೆ ನುಗ್ಗಿದರು. ಗೋಡೆ ಮಾತಾಡಿತು. ಕಾಕಾ ಅನ್ನಿಸಿಕೊಂಡು ನಗುತ್ತಲೇ ಅವರೆಲ್ಲ ಓಟ ನಿಲ್ಲಿಸಿ ನಡೆದರು. ಕೊನೆಗೆ ಬಂದ ಪುಟ್ಟ ಹುಡುಗಿಯೊಬ್ಬಳು ಗೋಡೆಗೆ “ಹೂಂ” ಎಂದು ಉತ್ತರ ಕೊಟ್ಟು, ಒಂದೊಂದೇ ಮೆಟ್ಟಿಲು ಇಳಿದಳು.

ಕೆಳಗೆ ನಿಂತು ನೋಡುತ್ತಿದ್ದ ಮೇಡಂ ಪರವಾನಗಿ ಬಿಡಿಸಿ ಪೆನ್ನಿನ ಮುಚ್ಚಳ ತೆಗೆದರು.